ಹಳಿ ಬದಿಯ ಬೇಚರಾಕ್ ಊರು ಪತ್ತೆ ಹಚ್ಚುವ ಬಗೆ

ಕಂದಾಯ ಕಡತದಲ್ಲಿ ಹೆಸರಿದೆ, ಗಡಿ ಇದೆ, ಸರ್ವೆ ನಂಬರುಗಳೂ ಇವೆ. ಹೋಗಿ ನೋಡಿದರೆ ಒಂದು ಗೋಡೆಯೂ ಇಲ್ಲ. ಇಂಥ ಊರಿಗೆ ಕಡತದ ಮಾತಿನಲ್ಲಿ ಬೇಚರಾಕ್ ಎನ್ನುತ್ತಾರೆ. ಪಾರಸಿಯ ‘ಬೇ ಚಿರಾಗ್’, ಅಂದರೆ ದೀಪವಿಲ್ಲದ್ದು. ಸುತ್ತಿನ ಜನಕ್ಕೆ ಅದು ಹಾಳೂರು. ಬೆಂಗಳೂರು–ಮೈಸೂರು ರೈಲುದಾರಿಯ ಇಕ್ಕೆಲದಲ್ಲಿ ಇಂಥವನ್ನು ಗುರುತಿಸುವಾಗ ನಾನು ಹಿಡಿಯುವ ಕ್ರಮ ಇದು. ಬೇರೆ ಕಡೆಯ ಹಾಳೂರಿಗಿಂತ ಇಲ್ಲಿ ತೊಡಕು ಹೆಚ್ಚು. ಊರು ಬಿಟ್ಟುಹೋದವರ ಅವಶೇಷದ ಮೇಲೆ ರೈಲ್ವೆಯವರ ಅವಶೇಷವೂ ಬಿದ್ದಿರುತ್ತದೆ.

ಧಾತು–ಈಶ್ವರ ಸಂವತ್ಸರಗಳ (1876–78) ಬರಗಾಲದಲ್ಲಿ ಜನಕ್ಕೆ ಕೂಲಿ ಕೊಡಲೆಂದು ಕೈಗೆತ್ತಿಕೊಂಡ ಈ ಮೀಟರ್ ಗೇಜ್ ದಾರಿ 1882ರಲ್ಲಿ ಮೈಸೂರು ಮುಟ್ಟಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು, 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಹಾಗೆಂದು ಪ್ರತಿ ಬೇಚರಾಕನ್ನೂ ಬರದ ತಲೆಗೆ ಕಟ್ಟಬಾರದು. ಬರಕ್ಕೂ ಮೊದಲೇ ಖಾಲಿಯಾದವುಂಟು, 1898ರ ನಂತರ ಪ್ಲೇಗಿಗೆ ಹೆದರಿ ಬಿಟ್ಟವೂ ಉಂಟು. ‘ಕಟ್ಟಿರುವೆ ಕಾಟಕ್ಕೆ ಊರು ಬಿಟ್ರು’ ಎಂಬ ಮಾತು ಹೋದಲ್ಲೆಲ್ಲ ಸಿಗುತ್ತದೆ. ಬರೆದುಕೊಳ್ಳುತ್ತೇನೆ, ಕಾರಣವೆಂದು ಎಣಿಸುವುದಿಲ್ಲ.

ಮೊದಲು ಕಾಗದ. ಜನಗಣತಿಯ ಗ್ರಾಮಪಟ್ಟಿಯಲ್ಲಿ ಜನವಸತಿ ಇಲ್ಲದ ಗ್ರಾಮಗಳನ್ನು ಆರಿಸಿ, ಅವುಗಳಲ್ಲಿ ಹಳಿ ಹಾಯ್ದವನ್ನು ಬೇರೆ ಮಾಡುತ್ತೇನೆ. ಆಮೇಲೆ ಭೂದಾಖಲೆ ಇಲಾಖೆಯ ಗ್ರಾಮನಕ್ಷೆ. ಗ್ರಾಮಠಾಣ, ಅಂದರೆ ಮನೆಗಳಿದ್ದ ಜಾಗ, ಎಂದು ಗೆರೆ ಎಳೆದ ತುಂಡು ಇದ್ದರೆ ಅರ್ಧ ಕೆಲಸ ಮುಗಿದಂತೆ. ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ, ಆದರೆ ಗೆರೆ ಕೆಲವು ಮೀಟರ್ ಆಚೀಚೆ ಸರಿದಿರುವುದು ಸಾಮಾನ್ಯ. ಬದುವಿನ ಕಲ್ಲಿಗೆ ಹೊಂದಿಸಿ ನೋಡದೆ ನಂಬಬೇಡಿ. ಶಾಸನಗಳ ಸಂಕಲನವಾದ ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಸಂಪುಟಗಳಲ್ಲಿ ಶಾಸನದ ತಲೆಬರಹದಲ್ಲೇ ಕಲ್ಲು ನಿಂತ ಜಾಗ ಹೇಳಿರುತ್ತದೆ. ಮಂಡ್ಯ, ಶ್ರೀರಂಗಪಟ್ಟಣದ ಕಡೆಗೆ ಮೂರನೆಯ ಸಂಪುಟ, ಚನ್ನಪಟ್ಟಣದ ಕಡೆಗೆ ಒಂಬತ್ತನೆಯದು.

ಹೊಲ ನೋಡಲು ರಾಗಿ ಕೊಯ್ಲು ಮುಗಿದ ಮೇಲೆ ಹೋಗಬೇಕು. ಮುಂಗಾರಿನ ಮೊದಲ ಉಳುಮೆಯಾದ ವಾರವಾದರೆ ಇನ್ನೂ ಒಳ್ಳೆಯದು. ರೈಲ್ವೆ ಗಡಿಕಲ್ಲಿನ ಒಳಗೆ ಕಾಲಿಡುವುದು ಅಪರಾಧ, ಆದ್ದರಿಂದ ಹೊರಗಿನ ಹೊಲಗಳಲ್ಲೇ ಹತ್ತು ಮೀಟರಿಗೊಂದು ಸಾಲು ಹಿಡಿದು ನಡೆಯುತ್ತೇನೆ. ಒಂದು ಮೀಟರ್ ಚೌಕದ ಹಗ್ಗ ಹಾಸಿ ಮಡಕೆ ಚೂರು ಎಣಿಸಿ, ಅಲ್ಲೇ ಬಿಡುತ್ತೇನೆ. ಚೂರೊಂದನ್ನೇ ನಂಬಿದರೆ ಮೋಸ: ಹಾಳೂರಿನ ಮಣ್ಣನ್ನು ಗೊಬ್ಬರವೆಂದು ಗಾಡಿಗಟ್ಟಲೆ ದೂರದ ಹೊಲಗಳಿಗೆ ಹೊಡೆದಿರುತ್ತಾರೆ. ಚೂರಿನ ಜೊತೆಗೆ ಮಣ್ಣಿನ ಬಣ್ಣ ಕೆಂಪಿನಿಂದ ಬೂದಿಗೆ ತಿರುಗಿ, ಒರಳುಕಲ್ಲೋ, ಊರು ಕಟ್ಟುವಾಗ ನೆಡುವ ಕರುಗಲ್ಲೋ ಕಂಡರೆ ಮಾತ್ರ ಅದು ಊರು.

ಜನರು ಹೆಚ್ಚು ಎಡವುವುದು ಗುಂಡಿಗಳಲ್ಲಿ. ಹಳಿಯ ಏರಿ ಕಟ್ಟಲು ಮಣ್ಣು ತೆಗೆದ ಗುಂಡಿಯಲ್ಲಿ ಮಳೆನೀರು ನಿಂತರೆ ಹಳೆಯ ಕಟ್ಟೆಯಂತೆಯೇ ಕಾಣುತ್ತದೆ. ಆದರೆ ಅದಕ್ಕೆ ತೂಬಿಲ್ಲ, ಕೋಡಿಯಿಲ್ಲ, ತಗ್ಗಿನ ಕಡೆ ಏರಿಯೂ ಇಲ್ಲ. ಉದ್ದದ ಬದಿ ಹಳಿಗೆ ಸಮಾನಾಂತರ, ಒಂದರ ಪಕ್ಕ ಇನ್ನೊಂದು ಅದೇ ಅಳತೆಯದು. ಕೆಲವೊಮ್ಮೆ ಮಧ್ಯೆ ಅಗೆಯದೆ ಬಿಟ್ಟ ಮಣ್ಣಿನ ಗುಪ್ಪೆ ಉಳಿದಿರುತ್ತದೆ. ಎಷ್ಟು ಆಳ ತೆಗೆದರೆಂದು ಅಳೆದು ಕೂಲಿ ಕೊಡಲು ಬಿಟ್ಟದ್ದು ಅದು, ಗುಡಿಯ ಜಗಲಿಯಲ್ಲ.

ಕಿಟ್ಟದ್ದೂ, ಅಂದರೆ ಬೆಂಕಿಯಲ್ಲಿ ಕರಗಿ ಗಟ್ಟಿಯಾದ ಕಸದ್ದೂ, ಇದೇ ಪಾಡು. ಹಬೆ ಎಂಜಿನ್ನಿನ ಕಲ್ಲಿದ್ದಲ ಕಿಟ್ಟ ಹಗುರ, ಮೈತುಂಬ ತೂತು, ಕೈಯಲ್ಲಿ ಹಿಸುಕಿದರೆ ಕರಕರ ಪುಡಿಯಾಗುತ್ತದೆ. ಕಬ್ಬಿಣ ಕರಗಿಸಿದ ಊರಿನ ಕಿಟ್ಟ ಭಾರ, ಒಂದು ಮೈ ಗಾಜಿನಂತೆ ನಯ, ಪಾಕ ಹರಿದ ಗೆರೆಗಳು ಕಾಣುತ್ತವೆ. ಅಯಸ್ಕಾಂತದ ಪರೀಕ್ಷೆ ಒಂದನ್ನೇ ನೆಚ್ಚಲಾಗದು, ತೂಕ ಮತ್ತು ಗೆರೆ ನೋಡಿ. ಹೆಂಚೂ ಮಾತಾಡುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾದದ್ದೇ 1865ರಲ್ಲಿ. ಬರಕ್ಕೆ ಹಾಳಾದ ಹಳ್ಳಿಯಲ್ಲಿ ಕುಂಬಾರನ ನಾಡಹೆಂಚಿನ ಚೂರೇ ಸಿಗಬೇಕು. ಮಂಗಳೂರು ಹೆಂಚು ರಾಶಿ ಬಿದ್ದಿದ್ದು, ಪಕ್ಕದಲ್ಲಿ ಒಂದೇ ಅಳತೆಯ ಕೋಣೆಗಳ ಸಾಲಿನ ಇಟ್ಟಿಗೆ ತಳಪಾಯ ಇದ್ದರೆ ಅದು ಬಹುಪಾಲು ಗ್ಯಾಂಗ್‌ಮನ್‌ಗಳ ವಸತಿ.

ಊರವರನ್ನು ಕೇಳುವಾಗ ‘ಹಳೇ ಊರು ಎಲ್ಲಿತ್ತು’ ಎಂದರೆ ನಿಧಿಯವನೆಂದು ಅನುಮಾನ ಬರುತ್ತದೆ. ‘ಯಜಮಾನ್ರೇ, ಈ ಹೊಲಕ್ಕೆ ಏನಂತೀರಿ?’ ಎಂದರೆ ಸಾಕು. ಗುಡಿಹೊಲ, ಊರಮಾಳ, ಬಾವಿಹೊಲ ಎಂದು ಹೆಸರುಗಳು ಸಾಲಾಗಿ ಬರುತ್ತವೆ. ವರ್ಷಕ್ಕೊಮ್ಮೆ ಯಾವ ಊರಿನವರು ಅಲ್ಲಿಗೆ ಬಂದು ಮಾರಿಗೋ ಬಸವಣ್ಣನಿಗೋ ಎಡೆ ಇಡುತ್ತಾರೆಂದೂ ಕೇಳಿ. ಬಿಟ್ಟುಹೋದವರು ಎಲ್ಲಿ ನೆಲೆಸಿದರೆಂಬ ಸುಳಿವು ಅದರಲ್ಲಿರುತ್ತದೆ. ವೀರಗಲ್ಲಿನ ನಿಖರ ಜಾಗವನ್ನು ಮಾತ್ರ ಎಲ್ಲೂ ಹಾಕಬೇಡಿ, ಅಗೆಯುವವರು ಕಾದಿರುತ್ತಾರೆ.

ಹಳಿ ಊರನ್ನು ಸೀಳಿತೋ, ಪಕ್ಕದಲ್ಲಿ ಹಾಯಿತೋ? ಇದಕ್ಕೆ ಏರಿಯ ಎರಡೂ ಬದಿಯ ಎಣಿಕೆ ಹೋಲಿಸಬೇಕು. ಎರಡೂ ಕಡೆ ಚೂರು ಒಂದೇ ದಟ್ಟಣೆಯಲ್ಲಿದ್ದು, ದೂರ ಹೋದಂತೆ ತೆಳುವಾದರೆ ಏರಿ ಹಾಳೂರಿನ ಮೇಲೆಯೇ ಕೂತಿದೆ. ದಿಬ್ಬ ಕಡಿದು ಹಳಿ ಹಾಕಿದ ಕಡೆ ಇನ್ನೂ ಸುಲಭ. ರಸ್ತೆ ಮೇಲ್ಸೇತುವೆಯಿಂದ ದುರ್ಬೀನು ಹಿಡಿದರೆ ಕಡಿದ ಮಣ್ಣಿನ ಗೋಡೆಯಲ್ಲಿ, ಕೆಂಪು ಮಣ್ಣಿನ ಮೇಲೆ ಗೇಣುದ್ದದ ಬೂದು ಪದರ ಕಾಣುತ್ತದೆ. ಬೆಳಿಗ್ಗೆ ಎಳೆಬಿಸಿಲು ಓರೆಯಾಗಿ ಬೀಳುವಾಗ ನೋಡಿ. ಮಧ್ಯಾಹ್ನಕ್ಕೆ ಎರಡೂ ಬಣ್ಣ ಒಂದಾಗಿಬಿಡುತ್ತವೆ.