ಗೀಕಿ ಕಮರಿಯ ಬಿಳಿ ಗೋಡೆ

ಪಶ್ಚಿಮ ಆಸ್ಟ್ರೇಲಿಯಾದ ಉತ್ತರ ತುದಿಯ ಕಿಂಬರ್ಲಿ ಸೀಮೆಗೆ ಹೋಗುತ್ತೇವೆ ಎಂದಾಗ ಪರ್ತ್‌ನ ಗೆಳೆಯರೆಲ್ಲ ಎತ್ತರದ ಜೀಪು ಬೇಕೇ ಬೇಕು ಎಂದು ಹೆದರಿಸಿದ್ದರು. ಮಣ್ಣು ರಸ್ತೆಗಳ ಮಟ್ಟಿಗೆ ಅದು ನಿಜ. ಆದರೆ ಫಿಟ್ಜ್‌ರಾಯ್ ನದಿಯ ಗೀಕಿ ಕಮರಿಗೆ ಕೊನೆಯವರೆಗೂ ಡಾಂಬರು ರಸ್ತೆಯಿದೆ, ಸಾಧಾರಣ ಬಾಡಿಗೆ ಕಾರು ಸಾಕು. ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮನನ್ನೂ ಕರೆದುಕೊಂಡು ಹೋಗಬೇಕಿತ್ತು. ಅವರ ಮಂಡಿಗೆ ಬಂಡೆ ಹತ್ತಿಳಿಯುವುದು ಆಗದ ಮಾತು. ದೋಣಿಯಲ್ಲಿ ಕೂರಲು ಅಡ್ಡಿಯಿಲ್ಲ.

ಆ ಸೀಮೆಯಲ್ಲಿ ಲೆಕ್ಕಕ್ಕೆ ಬರುವುದು ಎರಡೇ ಕಾಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಮತ್ತು ಸುಡುವ ಸೆಕೆ, ಆಮೇಲೆ ಒಣಹವೆ. ನಾವು ಜುಲೈ ಆರಿಸಿಕೊಂಡೆವು. ಪರ್ತ್‌ನಿಂದ ಬ್ರೂಮ್‌ಗೆ ವಿಮಾನ, ಅಲ್ಲಿಂದ ಗ್ರೇಟ್ ನಾರ್ದರ್ನ್ ಹೆದ್ದಾರಿಯಲ್ಲಿ ಪೂರ್ವಕ್ಕೆ ಸುಮಾರು 400 ಕಿಲೋಮೀಟರ್ ಓಡಿದರೆ ಫಿಟ್ಜ್‌ರಾಯ್ ಕ್ರಾಸಿಂಗ್ ಎಂಬ ಸಣ್ಣ ಊರು. ದಾರಿಯಲ್ಲಿ ಸಿಕ್ಕ ಬಂಕಿನಲ್ಲಿ ಟ್ಯಾಂಕ್ ಅರ್ಧ ಇದ್ದರೂ ಪೆಟ್ರೋಲ್ ತುಂಬಿಸಿಕೊಳ್ಳಿ, ಮುಂದಿನದು ಬಹಳ ದೂರ. ಕತ್ತಲಾದ ಮೇಲೆ ಓಡಿಸಲೇಬೇಡಿ. ಬೇಲಿಯಿಲ್ಲದ ಕಡೆ ದನಗಳು ಬಿಸಿ ಡಾಂಬರಿನ ಮೇಲೆ ಬಂದು ಮಲಗುತ್ತವೆ. ನಮ್ಮ ಬಾಡಿಗೆ ಕರಾರಿನಲ್ಲಂತೂ ಊರಾಚೆ ರಾತ್ರಿ ಓಡಿಸಿದರೆ ವಿಮೆಯಿಲ್ಲ ಎಂದೇ ಬರೆದಿತ್ತು. ಹಾಗಾಗಿ ಹಿಂದಿನ ಸಂಜೆಯೇ ಹೋಗಿ ಊರಿನಲ್ಲಿ ಉಳಿದು, ಬೆಳಗಿನ ಮೊದಲ ದೋಣಿಗೆ ಸೀಟು ಕಾದಿರಿಸಿದೆವು. ಊರಿನಿಂದ ಕಮರಿಗೆ 20 ಕಿಲೋಮೀಟರ್ ಅಷ್ಟೆ. ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ತಂಗಲು ಬಿಡುವುದಿಲ್ಲ.

ದೋಣಿ ಚಪ್ಪಟೆ ತಳದ್ದು, ತಲೆಯ ಮೇಲೆ ಸೂರು, ಬದಿಗಳು ಬಯಲು. ಹೊರಟ ಸ್ವಲ್ಪ ಹೊತ್ತಿಗೆಲ್ಲ ಸುಣ್ಣಕಲ್ಲಿನ ಗೋಡೆ ಎದ್ದು ನಿಲ್ಲುತ್ತದೆ. ಮೇಲರ್ಧ ಬೂದು, ಕಬ್ಬಿಣದ ತುಕ್ಕಿನ ಕೆಂಪು, ಅಲ್ಲಲ್ಲಿ ಕಪ್ಪು. ಕೆಳಗಿನ ಭಾಗ ಮಾತ್ರ ಉಜ್ಜಿ ತೊಳೆದಂತೆ ಬಿಳಿ. ಎರಡರ ನಡುವಿನ ಗೆರೆ ಕಣ್ಣು ಹಾಯುವಷ್ಟು ದೂರಕ್ಕೂ ಒಂದೇ ಮಟ್ಟದಲ್ಲಿದೆ. ಯಾರೋ ಬಣ್ಣ ಹೊಡೆದಿದ್ದಾರೆ ಎಂದೇ ಅಮ್ಮ ತಿಳಿದಿದ್ದರು. ಮಳೆಗಾಲದ ನೆರೆ ಆ ಎತ್ತರಕ್ಕೆ ಏರಿ ಕಲ್ಲನ್ನು ತಿಕ್ಕುತ್ತದೆ, ಅದಕ್ಕೇ ಬಿಳಿ ಎಂದು ದೋಣಿಯವರು ಹೇಳಿದ್ದನ್ನು ನಾನು ಕನ್ನಡದಲ್ಲಿ ತಿಳಿಸಿದೆ. "ಅಷ್ಟೆತ್ತರಕ್ಕೆ ನೀರಾ? ನಮ್ಮ ರಾಮಮಂಟಪ ಮುಳುಗಿದರೇ ಊರೆಲ್ಲ ನೋಡಲು ಓಡುತ್ತದಲ್ಲೋ" ಎಂದರು. ಆ ಮಂಟಪವನ್ನು ಮುಳುಗಿಸುವ ತುಂಗೆಯ ನೆರೆ ಕಂಡವರಿಗೂ ಆ ಗೆರೆ ಸುಲಭವಾಗಿ ನಂಬಿಕೆಗೆ ಬರುವುದಿಲ್ಲ. ನಾವು ತೇಲುತ್ತಿದ್ದ ನೀರೋ, ಎಲೆ ಬಿದ್ದರೂ ಅಲುಗದಷ್ಟು ಸೋಮಾರಿ. ಇದೇ ನದಿ 2023ರ ಜನವರಿಯಲ್ಲಿ, ‘ಎಲ್ಲಿ’ (Ellie) ಎಂಬ ಹೆಸರಿನ ಚಂಡಮಾರುತ ಬಲಗುಂದಿದ ಮೇಲೆ ಸುರಿಸಿದ ಮಳೆಗೆ ಉಕ್ಕಿ, ಫಿಟ್ಜ್‌ರಾಯ್ ಕ್ರಾಸಿಂಗ್‌ನಲ್ಲಿ 15 ಮೀಟರಿಗೂ ಮೇಲೇರಿ ಹೆದ್ದಾರಿಯ ಸೇತುವೆಯನ್ನೇ ಮುರಿದುಹಾಕಿತು. ಆ ವರ್ಷದ ಡಿಸೆಂಬರ್‌ನಲ್ಲಿ ಹೊಸ ಸೇತುವೆ ಬಂತು.

ಕಲ್ಲಿನ ಕಥೆ ಇನ್ನೂ ವಿಚಿತ್ರ. ಇದು ಡಿವೋನಿಯನ್ ಯುಗದ, ಅಂದರೆ ಸುಮಾರು 35 ಕೋಟಿ ವರ್ಷಗಳಿಗೂ ಹಿಂದಿನ ಸಮುದ್ರದೊಳಗಿನ ದಿಬ್ಬ. ಕಟ್ಟಿದ್ದು ಬಹುಪಾಲು ಹವಳವಲ್ಲ. ಪಾಚಿ ಮತ್ತು ಈಗ ಅಳಿದುಹೋಗಿರುವ ಸ್ಪಂಜಿನಂಥ ಜೀವಿಗಳು. ಸಮುದ್ರ ಹಿಂದೆ ಸರಿದ ಮೇಲೆ ಉಳಿದ ದಿಬ್ಬವನ್ನು ನದಿ ಕೊರೆದಿದೆ. ದೋಣಿ ಗೋಡೆಗೆ ಒತ್ತಿ ನಿಂತಾಗ ಕಂಡದ್ದು ನುಣುಪು ಬಂಡೆಯಲ್ಲ: ತೂತು, ಪೊಟರೆ, ಕತ್ತಿಯಂಚಿನ ಏಣುಗಳು. ಮುಂಚಾಚಿದ ಕಲ್ಲಿನಡಿ ಕವಲುತೋಕೆಯ ಪುಟ್ಟ ಹಕ್ಕಿಗಳ ಮಣ್ಣುಗೂಡುಗಳು ಗೊಂಚಲಾಗಿ ಅಂಟಿದ್ದವು. ಪ್ರತಿ ಗೂಡಿಗೂ ಸೀಸೆಯ ಕೊರಳಿನಂಥ ಬಾಗಿಲು, ಉಂಡೆ ಉಂಡೆಯಾಗಿ ತಂದು ಮೆತ್ತಿದ ಮಣ್ಣಿನ ಗುರುತು ಕೂಡ ಎಣಿಸುವಷ್ಟು ಸ್ಪಷ್ಟ.

ಮೊಸಳೆ ಇದೆಯೇ ಎಂದು ಎಲ್ಲರೂ ಕೇಳುತ್ತಾರೆ. ಇದೆ. ನಾವು ನೋಡಿದ್ದು ಸಿಹಿನೀರಿನ ಜಾತಿ, ಕಿರಿದಾದ ಉದ್ದ ಮೂತಿಯದು. ಕೆಣಕದಿದ್ದರೆ ಮನುಷ್ಯರ ಗೊಡವೆಗೆ ಸಾಮಾನ್ಯವಾಗಿ ಬರುವುದಿಲ್ಲ. ಕಲ್ಲಿನ ಮೇಲೆ ಬಿಸಿಲು ಕಾಯುತ್ತಿದ್ದುದನ್ನು ಇಂಜಿನ್ ನಿಲ್ಲಿಸಿದ ಮೇಲೂ ನಾನು ಗುರುತಿಸಲಿಲ್ಲ. ಅಮ್ಮನೇ ಬೆರಳು ತೋರಿಸಿದರು. ನನಗೆ ಇದಕ್ಕಿಂತ ಬೆರಗೆನಿಸಿದ್ದು ಗರಗಸ ಮೀನಿನ ಸಂಗತಿ. ಕಡಲಿನಿಂದ 300ಕ್ಕೂ ಹೆಚ್ಚು ಕಿಲೋಮೀಟರ್ ಒಳಗಿರುವ ಈ ನದಿಯಲ್ಲಿ ಅದರ ಮರಿಗಳು ಬೆಳೆಯುತ್ತವೆ, ದೊಡ್ಡವಾದ ಮೇಲೆ ಸಮುದ್ರಕ್ಕೆ ಇಳಿಯುತ್ತವೆ.

ಇದು ಬುನುಬಾ ಎಂಬ ಮೂಲನಿವಾಸಿ ಜನರ ನೆಲ. ಈ ಜಾಗಕ್ಕೆ ಅವರು ಕರೆಯುವ ಹೆಸರೂ ಸೇರಿ ಉದ್ಯಾನ ಈಗ ದಂಗು ಗೀಕಿ ಎನಿಸಿಕೊಂಡಿದೆ. ಬ್ರಿಟಿಷ್ ಭೂವಿಜ್ಞಾನಿ ಆರ್ಚಿಬಾಲ್ಡ್ ಗೀಕಿಯ ಹೆಸರನ್ನು ಇಟ್ಟದ್ದು 1883ರಲ್ಲಿ. ಆತ ಇದನ್ನು ನೋಡಿದವನೇ ಅಲ್ಲ. ಬಿಳಿಯ ವಲಸಿಗರ ವಿರುದ್ಧ ಹೋರಾಡಿ 1897ರಲ್ಲಿ ಇದೇ ಸೀಮೆಯ ಟನಲ್ ಕ್ರೀಕ್‌ನಲ್ಲಿ ಗುಂಡಿಗೆ ಬಲಿಯಾದ ಜಂಡಮರ ಬುನುಬಾದವನು. ಅವನ ಬಗ್ಗೆ ಸ್ವಲ್ಪ ಓದಿಕೊಂಡು ಹೋದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಬುನುಬಾ ಮಾರ್ಗದರ್ಶಕರ ದೋಣಿ ಆ ಹೊತ್ತಿಗೆ ಓಡುತ್ತಿದ್ದರೆ, ದುಡ್ಡು ಜಾಸ್ತಿಯಾದರೂ ಅದನ್ನೇ ಹಿಡಿಯಿರಿ.

ಒಂದು ಗಂಟೆಯ ಸುತ್ತು ಕಡಿಮೆ ಎಂದು ಕೆಲವರು ಗೊಣಗುತ್ತಾರೆ. ನನಗೆ ಹಾಗನ್ನಿಸಲಿಲ್ಲ, ಜುಲೈನಲ್ಲೂ ಹತ್ತರ ಮೇಲೆ ಬಿಳಿಗೋಡೆಯ ಝಳಕ್ಕೆ ಕಣ್ಣು ಬಿಡಲಾಗದು. ಟೋಪಿ, ಕಪ್ಪು ಕನ್ನಡಕ, ತಲಾ ಎರಡು ಲೀಟರ್ ನೀರು ಇರಲಿ. ಸಸ್ಯಾಹಾರಿಗಳಾದರೆ ಬ್ರೂಮ್‌ನಲ್ಲೇ ದಿನಸಿ ತೆಗೆದುಕೊಳ್ಳಿ. ನಾವು ಚಪಾತಿ, ಚಟ್ನಿಪುಡಿ ಒಯ್ದಿದ್ದೆವು; ಒಗ್ಗರಣೆ ಅವಲಕ್ಕಿಯನ್ನು ದಡದ ಮರದಡಿ ಕೂತು ಮುಗಿಸಿ, ಹನ್ನೊಂದಕ್ಕೆಲ್ಲ ಬ್ರೂಮ್ ದಾರಿ ಹಿಡಿದೆವು. ಜುಲೈನಲ್ಲಿ ಅಲ್ಲಿ ಸಂಜೆ ಐದೂವರೆಗೆ ಸೂರ್ಯ ಮುಳುಗುತ್ತಾನೆ.