ಸ್ನೋ ಬ್ಲೋವರ್ ಕೊಳ್ಳೋರಿಗೆ ತುಮಕೂರಿನ ಪಂಪ್‌ಸೆಟ್ ಮೆಕ್ಯಾನಿಕ್ ಹೇಳೋ ಮಾತು

ಬೆಳಿಗ್ಗೆ ಅಮಾನಿಕೆರೆ ಸುತ್ತ ವಾಕಿಂಗ್ ಹೋದಾಗ ನನ್ನನ್ನು ನಿಲ್ಲಿಸಿ ಜನ ಕೇಳುವುದು ಎರಡೇ ವಿಷಯ. ಒಂದು, ಬೋರ್‌ವೆಲ್ ಮೋಟಾರು ಯಾಕೆ ಟ್ರಿಪ್ ಆಗುತ್ತಿದೆ ಅಂತ. ಇನ್ನೊಂದು, ಅಮೆರಿಕದಲ್ಲಿರುವ ಮಗನೋ ಮಗಳೋ ಸ್ನೋ ಬ್ಲೋವರ್, ಅಂದರೆ ಮನೆ ಮುಂದೆ ಬಿದ್ದ ಹಿಮ ಎತ್ತಿ ಎಸೆಯೋ ಮಷಿನ್, ತಗೋಬೇಕಂತೆ, ಯಾವುದು ಒಳ್ಳೇದು ಅಂತ. ಮೊದಲನೆಯದು ಸರಿ. 38 ವರ್ಷ ಪಂಪ್‌ಸೆಟ್ಟು, ಟಿಲ್ಲರು ಬಿಚ್ಚಿ ಕಟ್ಟಿದವನು ನಾನು. ಎರಡನೆಯದು ಗಂಟುಬಿದ್ದಿದ್ದು ಮಗನಿಂದ. ಅವನು ಬಫೆಲೊ ಅನ್ನೋ ಊರಿನ ಹತ್ತಿರ ಇದ್ದಾನೆ. ಎರಡು ಚಳಿಗಾಲ ಅಲ್ಲಿದ್ದು ಬಂದೆ. ಅವನು ಆರಿಸಿದ ಮಷಿನ್ ಸೋತಿದ್ದನ್ನು ಒಂದು ವರ್ಷ ನೋಡಿದೆ, ಮಾರನೇ ವರ್ಷ ನಾನೇ ಒಂದನ್ನು ಆರಿಸಿದೆ.

ಡಿಸೆಂಬರಿನಲ್ಲಿ 15 ಡಿಗ್ರಿಗೆ ಇಳಿದರೆ ಮಫ್ಲರ್ ಸುತ್ತಿಕೊಳ್ಳುವ ನಮಗೆ ಬಫೆಲೊ ಚಳಿ ಹೇಳಿದರೆ ಅರ್ಥವಾಗಲ್ಲ. ಪಕ್ಕದಲ್ಲೇ ಈರಿ ಅಂತ ದೊಡ್ಡ ಸರೋವರ. ನೀರು ಇನ್ನೂ ಬೆಚ್ಚಗಿರುವಾಗ ಅದರ ಮೇಲೆ ತಣ್ಣನೆ ಗಾಳಿ ಹಾದು ಬರುತ್ತದೆ, ತೇವ ಹೊತ್ತುಕೊಂಡು ಬಂದು ದಡದ ಊರುಗಳ ಮೇಲೆ ಸುರಿಯುತ್ತದೆ. 2022ರ ನವೆಂಬರಿನಲ್ಲಿ ಅಲ್ಲಿನ ಆರ್ಚರ್ಡ್ ಪಾರ್ಕ್ ಎಂಬಲ್ಲಿ ಕೆಲವೇ ದಿನಗಳಲ್ಲಿ 80 ಇಂಚಿನಷ್ಟು ಹಿಮ ಬಿತ್ತು. ಎರಡು ಮೀಟರ್! ಆಳು ಮುಳುಗುವಷ್ಟು.

ಹಿಮ ಹತ್ತಿಯಂತೆ ಹಗುರ ಅಂತ ನಾವು ಅಂದುಕೊಂಡಿರುತ್ತೇವೆ. ಲೆಕ್ಕ ಹಾಕಿ ನೋಡಿ. ಮಗನ ಮನೆ ಮುಂದಿನ ಡ್ರೈವ್‌ವೇ, ಅಂದರೆ ರಸ್ತೆಯಿಂದ ಗ್ಯಾರೇಜಿಗೆ ಕಾರು ಬರುವ ದಾರಿ, 20 ಅಡಿ ಅಗಲ, 50 ಅಡಿ ಉದ್ದ. 10 ಇಂಚು ಒಣ ಹಿಮ ಕರಗಿದರೆ ಹೆಚ್ಚುಕಡಿಮೆ 1 ಇಂಚು ನೀರು. ಅಷ್ಟು ಜಾಗದಲ್ಲಿ 1 ಇಂಚು ನೀರು ಅಂದರೆ 2,300 ಲೀಟರಿಗೂ ಜಾಸ್ತಿ, ಎರಡೂಕಾಲು ಟನ್ನಿನ ಮೇಲೆ. ಒದ್ದೆ ಹಿಮವಾದರೆ ಅದರ ಎರಡರಷ್ಟೂ ತೂಗಬಹುದು. ಒಂದು ಟ್ರೈಲರ್ ಗೊಬ್ಬರವನ್ನು ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ಸಲಿಕೆಯಲ್ಲಿ ಎತ್ತಿ ಹಾಕಿದ ಹಾಗೆ. ಚಳಿಗೆ ರಕ್ತನಾಳ ಬಿಗಿದಿರುತ್ತದೆ, ಮೇಲಿಂದ ಈ ಭಾರ. ಸಲಿಕೆ ಹಿಡಿದೇ ಹಾರ್ಟ್ ಅಟ್ಯಾಕ್ ಆಗುವವರು ಅಲ್ಲಿ ಪ್ರತಿ ವರ್ಷ ಇರುತ್ತಾರೆ. ಅದಕ್ಕೇ ಮಗ ನನ್ನ ಕೈಗೆ ಸಲಿಕೆ ಕೊಡಲೇ ಇಲ್ಲ.

ಈಗ ವಿಷಯಕ್ಕೆ ಬರ್ತೀನಿ. ಅಂಗಡಿಯವರು ಮೊದಲು ಕೇಳುವುದು ಡ್ರೈವ್‌ವೇ ಎಷ್ಟುದ್ದ ಅಂತ. ನಾನು ಕೇಳುವುದು ಅದಲ್ಲ. ಡ್ರೈವ್‌ವೇ ರಸ್ತೆಗೆ ಸೇರುವ ಬಾಯಿ ಇದೆಯಲ್ಲ, ಅಲ್ಲಿ ಎಷ್ಟೆತ್ತರ ಗುಡ್ಡೆ ಬೀಳುತ್ತದೆ?

ಯಾಕೆ ಗೊತ್ತಾ? ಊರಿನ ಪ್ಲೋ ಲಾರಿ ಮೂತಿಗೆ ದೊಡ್ಡ ಕಬ್ಬಿಣದ ಹಲಗೆ ಕಟ್ಟಿಕೊಂಡು ಬರುತ್ತದೆ. ರಸ್ತೆಯ ಹಿಮವನ್ನೆಲ್ಲ ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ. ಆ ಪಕ್ಕ ಅಂದರೆ ನಿಮ್ಮ ಮನೆ ಬಾಯಿ. ನಮ್ಮಲ್ಲಿ ಚರಂಡಿ ಹೂಳು ತೆಗೆದು ಮನೆ ಮುಂದೆ ಗುಡ್ಡೆ ಹಾಕಿ ಹೋಗ್ತಾರಲ್ಲ, ಅದೇ ಕಥೆ. ಮೇಲಿಂದ ಬಿದ್ದ ಹಿಮ ಪುಡಿಪುಡಿಯಾಗಿರುತ್ತದೆ. ಈ ಗುಡ್ಡೆ ಹಾಗಲ್ಲ. ಉಪ್ಪು, ಕೆಸರು, ನೀರು ಎಲ್ಲ ಸೇರಿ ಒತ್ತಿ ಗಟ್ಟಿಯಾಗಿರುತ್ತದೆ. ಎರಡು ಗಂಟೆ ಬಿಟ್ಟರೆ ಕಲ್ಲು.

ಮಗ ಮೊದಲ ವರ್ಷ ತಂದಿದ್ದು ಸಿಂಗಲ್ ಸ್ಟೇಜ್ ಮಷಿನ್. 21 ಇಂಚು ಅಗಲ, ಹಗುರ, ನೋಡಲು ಮುದ್ದಾಗಿತ್ತು. 5 ಇಂಚು ಹಿಮವನ್ನು ನೆಲ ಕಾಣುವ ಹಾಗೆ ಗುಡಿಸಿ ಹಾಕಿತು. ಬಾಯಿಗೆ ಬಂದಾಗ ಗುಡ್ಡೆಯ ಮೇಲೆ ಹತ್ತಿ ಕೂತಿತು! ತಳ್ಳಿದರೆ ಮುಂದೆ ಎದ್ದುನಿಲ್ಲುತ್ತದೆ, ಒಳಗೆ ನುಗ್ಗಲ್ಲ. ಅವನು ಜೋರಾಗಿ ತಳ್ಳಲು ಹೋಗಿ ಜಾರಿ ಬಿದ್ದ. ಕೊನೆಗೆ ಗುಡ್ಡೆಯನ್ನು ಸಲಿಕೆಯಲ್ಲೇ ಒಡೆದ. ಮಷಿನ್ ಕೊಂಡ ಉದ್ದೇಶವೇ ಅಲ್ಲಿಗೆ ಮುಗಿಯಿತು, ಅಲ್ವಾ?

ಮಷಿನ್ನಿನ ತಪ್ಪಲ್ಲ ಅದು. ಕೆಲಸವೇ ಬೇರೆ. ಸಿಂಗಲ್ ಸ್ಟೇಜ್‌ನಲ್ಲಿ ಮುಂದೆ ತಿರುಗುವ ಒಂದು ಸುರುಳಿ ಇರುತ್ತದೆ, ಆಗರ್ ಅಂತಾರೆ. ಅದರ ತುದಿಗೆ ರಬ್ಬರ್ ಪಟ್ಟಿ. ಅದೇ ನೆಲಕ್ಕೆ ಉಜ್ಜಿ ಹಿಮ ಎತ್ತುತ್ತದೆ, ಅದೇ ಎಸೆಯುತ್ತದೆ. ಚಕ್ರಕ್ಕೆ ಇಂಜಿನ್ನಿನ ಬಲ ಇಲ್ಲ. ರಬ್ಬರ್ ನೆಲ ಎಳೆದಷ್ಟು ಮುಂದೆ ಹೋಗುತ್ತದೆ, ಅಷ್ಟೆ. ಹೆಚ್ಚೆಂದರೆ 8 ಇಂಚು ಹಿಮಕ್ಕೆ ಸರಿ.

ಟೂ ಸ್ಟೇಜ್ ಮಷಿನ್ ಬಿಚ್ಚಿ ನೋಡಿದಾಗ ನನಗೆ ನಗು ಬಂತು. ಒಳಗೆ ಇದ್ದಿದ್ದು ಇಂಪೆಲ್ಲರ್! ನೀರು ತಳ್ಳುವ ರೆಕ್ಕೆಚಕ್ರ, ಜೀವನವಿಡೀ ಪಂಪ್‌ಸೆಟ್ಟಿನಲ್ಲಿ ನಾನು ಬದಲಾಯಿಸಿದ ವಸ್ತು. ಮುಂದಿನ ಕಬ್ಬಿಣದ ಆಗರ್ ನಿಧಾನವಾಗಿ ತಿರುಗಿ ಹಿಮ ಕಡಿದು ಮಧ್ಯಕ್ಕೆ ತರುತ್ತದೆ. ಹಿಂದಿನ ಇಂಪೆಲ್ಲರ್ ಜೋರಾಗಿ ತಿರುಗಿ ಅದನ್ನು ಮೇಲಿರುವ ಸೊಂಡಿಲಿನಂಥ ಕೊಳವೆಯಲ್ಲಿ ಆಚೆ ಎಸೆಯುತ್ತದೆ. ನೀರಿನ ಬದಲು ಹಿಮ, ಬೇರೇನಿಲ್ಲ. ಚಕ್ರಗಳಿಗೂ ಇಂಜಿನ್ನೇ ಬಲ ಕೊಡುತ್ತದೆ, ರಿವರ್ಸ್ ಗೇರೂ ಇದೆ. ಟಿಲ್ಲರ್ ಹಿಡಿದವನಿಗೆ ಕಲಿಸಬೇಕಾಗಿಲ್ಲ. ಇದು ಗುಡ್ಡೆಯನ್ನು ಕಡಿಯುತ್ತದೆ, ಹತ್ತಿ ಕೂರಲ್ಲ. ಥ್ರೀ ಸ್ಟೇಜ್ ಅಂತಲೂ ಇದೆ. ಮಧ್ಯದಲ್ಲಿ ಇನ್ನೊಂದು ಚಿಕ್ಕ ಸುರುಳಿ ಸೇರಿಸಿ ಬೇಗ ಒಳಗೆ ನೂಕುವ ಏರ್ಪಾಡು. ಮನೆ ಕೆಲಸಕ್ಕೆ ಅದಿಲ್ಲದೆಯೂ ನಡೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಹಾಗಂತ ಎಲ್ಲರಿಗೂ ಟೂ ಸ್ಟೇಜ್ ಬೇಕು ಅಂತ ನಾನು ಹೇಳಲ್ಲ. ವರ್ಷಕ್ಕೆ ನಾಲ್ಕೈದು ಸಲ ಸುಮಾರಾಗಿ ಬೀಳುವ ಊರು, ಚಿಕ್ಕ ಡ್ರೈವ್‌ವೇ, ಗುಡ್ಡೆ ಮೊಣಕಾಲಿಗೂ ಬರಲ್ಲ ಅಂದರೆ ಸಿಂಗಲ್ ಸ್ಟೇಜ್ ಸಾಕು. 40 ಕೆಜಿ ಆಸುಪಾಸು, ಮೂಲೆಯಲ್ಲಿ ನಿಲ್ಲಿಸಬಹುದು. ಟೂ ಸ್ಟೇಜ್ 100 ಕೆಜಿ ಹತ್ತಿರ ತೂಗುತ್ತದೆ. ಗ್ಯಾರೇಜಿನಲ್ಲಿ ಎರಡು ಕಾರು ನಿಂತ ಮೇಲೆ ಜಾಗ ಉಳಿಯುತ್ತಾ ಅಂತ ಟೇಪ್ ಹಿಡಿದು ಅಳೆಯಿರಿ. ದುಡ್ಡಿನಲ್ಲೂ ಹೆಚ್ಚುಕಡಿಮೆ ದುಪ್ಪಟ್ಟು ವ್ಯತ್ಯಾಸ.

ಆದರೆ ಡ್ರೈವ್‌ವೇ ಜಲ್ಲಿಯದಾದರೆ ಮಾತೇ ಇಲ್ಲ, ಟೂ ಸ್ಟೇಜ್. ಸಿಂಗಲ್ ಸ್ಟೇಜ್‌ನ ರಬ್ಬರ್ ಜಲ್ಲಿಯನ್ನೂ ಎತ್ತಿ ಎಸೆಯುತ್ತದೆ. ಪಕ್ಕದ ಮನೆಯ ಕಿಟಕಿ ನಿಮ್ಮ ಖರ್ಚಿಗೆ ಬರುತ್ತದೆ. ಟೂ ಸ್ಟೇಜ್‌ನ ಎರಡೂ ಪಕ್ಕ ಸ್ಕಿಡ್ ಶೂ ಅಂತ ಕಬ್ಬಿಣದ ಪಾದ ಇರುತ್ತದೆ. ಬೋಲ್ಟ್ ಸಡಿಲ ಮಾಡಿ ಅದನ್ನು ಕೆಳಗಿಳಿಸಿದರೆ ಮಷಿನ್ನಿನ ಬಾಯಿ ನೆಲದಿಂದ ಮೇಲೇಳುತ್ತದೆ. ಒಂದು ಇಂಚು ಹಿಮ ಉಳಿಯುತ್ತದೆ, ಉಳೀಲಿ.

ಬ್ಯಾಟರಿಯದು ಹೇಗೆ ಅಂತ ಹುಡುಗರು ಕೇಳುತ್ತಾರೆ. ಸದ್ದಿಲ್ಲ, ಹೊಗೆ ಇಲ್ಲ, ಬಟನ್ ಒತ್ತಿದರೆ ಆಯ್ತು. ಸಣ್ಣ ಕೆಲಸಕ್ಕೆ ಚೆನ್ನಾಗಿದೆ. ಆದರೆ ಚಳಿಗೆ ಬ್ಯಾಟರಿ ಬಲ ಕುಗ್ಗುತ್ತದೆ, ಒದ್ದೆ ಹಿಮ ಅದನ್ನು ಬೇಗ ಕುಡಿಯುತ್ತದೆ. ಬ್ಯಾಟರಿಯನ್ನು ಗ್ಯಾರೇಜಿನಲ್ಲಿ ಬಿಡದೆ ಮನೆಯೊಳಗೆ ಬೆಚ್ಚಗಿಡಿ. ವೈರ್ ಎಳೆದುಕೊಂಡು ಓಡಿಸುವ ಮಷಿನ್ನೂ ಇದೆ. ಮೆಟ್ಟಿಲು, ಡೆಕ್ಕು ಗುಡಿಸಲು ಸರಿ. ಡ್ರೈವ್‌ವೇಗೆ ನನಗೆ ಒಗ್ಗಲಿಲ್ಲ.

ಅಗಲ ಎಷ್ಟಿರಬೇಕು? ಎರಡು ಕಾರಿನ ಡ್ರೈವ್‌ವೇಗೆ 24 ಇಂಚು ಧಾರಾಳ. 28, 30 ಇಂಚಿಗೆ ಆಸೆ ಪಡುವವರು ಜೊತೆಗೆ ಇಂಜಿನ್ನೂ ದೊಡ್ಡದಿದೆಯಾ ನೋಡಬೇಕು. ಬಾಯಿ ಅಗಲ, ಇಂಜಿನ್ ಚಿಕ್ಕದು ಅಂದರೆ ದೊಡ್ಡ ಡೆಲಿವರಿ ಪೈಪಿಗೆ ಒಂದು ಎಚ್‌ಪಿ ಮೋಟಾರ್ ಕೂರಿಸಿದ ಹಾಗೆ. 24 ಇಂಚಿಗೆ 200 ಸಿಸಿಯಾದರೂ ಇರಲಿ. ಸೆಲ್ಫ್ ಸ್ಟಾರ್ಟ್ ಇರುವುದನ್ನೇ ತಗೊಳ್ಳಿ. ಅದರಲ್ಲಿ ಸಾಮಾನ್ಯವಾಗಿ ಬ್ಯಾಟರಿ ಇರಲ್ಲ. ಮನೆಯ ಪ್ಲಗ್ಗಿಗೆ ವೈರ್ ಸಿಕ್ಕಿಸಿ ಒತ್ತಬೇಕು, ಸ್ಟಾರ್ಟ್ ಆದಮೇಲೆ ತೆಗೆಯಬೇಕು. ಸೀಮೆಎಣ್ಣೆ ಇಂಜಿನ್ನಿಗೆ ಹಗ್ಗ ಸುತ್ತಿ ಎಳೆದು ಭುಜ ಕಳಕೊಂಡವನ ಮಾತಿದು, ಸುಮ್ನೆ ಕೇಳಿ.

ಕಂಪನಿ ಯಾವುದು ಅಂತ ಬಹಳ ತಲೆ ಕೆಡಿಸಿಕೊಳ್ಳಬೇಡಿ. ಟೊರೊ ಮಿನೆಸೋಟದ್ದು, ಏರಿಯನ್ಸ್ ವಿಸ್ಕಾನ್ಸಿನ್‌ದು. ಎರಡೂ ಹಿಮ ಬೀಳುವ ರಾಜ್ಯದ ಹಳೇ ಕಂಪನಿಗಳು. ಅದಕ್ಕಿಂತ ಮುಖ್ಯ, ನಿಮ್ಮ ಮನೆಗೆ ಹತ್ತಿರದಲ್ಲಿ ಬೆಲ್ಟು, ಪಿನ್ನು ಸಿಗುವ ಅಂಗಡಿ ಯಾವುದಕ್ಕಿದೆ ಅನ್ನುವುದು. ಬಿರುಗಾಳಿ ಬರುತ್ತೆ ಅಂತ ಟೀವಿಯಲ್ಲಿ ಹೇಳಿದ ದಿನ ಹೋದರೆ ಖಾಲಿ ಷೆಲ್ಫ್ ನೋಡಿಕೊಂಡು ಬರ್ತೀರಿ.

ನಾನು ಮಗನಿಗೆ ಕೊಡಿಸಿದ್ದು ಸೆಕೆಂಡ್ ಹ್ಯಾಂಡ್. "ಅಪ್ಪಾ, ಹಳೇದು ಬೇಡ" ಅಂದ. "ನೀನು ಸುಮ್ನಿರಪ್ಪ, ನಾನು ನೋಡ್ತೀನಿ" ಅಂದೆ. ಹೇಗೆ ನೋಡಬೇಕು ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ.

ಮಾರುವವನ ಮನೆಗೆ ಹೋದ ತಕ್ಷಣ ಸೈಲೆನ್ಸರ್ ಹತ್ತಿರ ಕೈ ಹಿಡಿಯಿರಿ. ಬೆಚ್ಚಗಿದ್ದರೆ ಆ ಮನುಷ್ಯ ನೀವು ಬರುವ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿದ್ದಾನೆ. ತಣ್ಣಗಿರುವ ಇಂಜಿನ್ನೇ ನಿಜ ಹೇಳೋದು. ನಂತರ ಶಿಯರ್ ಪಿನ್ ನೋಡಿ. ಆಗರನ್ನು ಶಾಫ್ಟಿಗೆ ಹಿಡಿದಿರುವ ಸಣ್ಣ ಪಿನ್ನುಗಳವು. ಕಲ್ಲೋ ಐಸೋ ಸಿಕ್ಕಿದರೆ ತಾವು ಮುರಿದು ಗೇರ್‌ಬಾಕ್ಸ್ ಉಳಿಸುತ್ತವೆ. ನಮ್ಮ ರೋಟವೇಟರ್ ಶಾಫ್ಟಿನಲ್ಲಿ ಬರುವ ಬೋಲ್ಟಿನ ಹಾಗೆ. ಕೆಲವು ಜಾಣರು ಪದೇಪದೇ ಮುರಿಯುತ್ತೆ ಅಂತ ಅಲ್ಲಿಗೆ ಗಟ್ಟಿ ಸ್ಟೀಲ್ ಬೋಲ್ಟ್ ಹಾಕಿರುತ್ತಾರೆ. ಅಂಥದ್ದು ಕಂಡರೆ ಕೈಮುಗಿದು ವಾಪಸ್ ಬನ್ನಿ. ಗೇರ್‌ಬಾಕ್ಸ್ ಏಟು ತಿಂದಿರುತ್ತದೆ.

ಪಿನ್ ಸರಿಯಾಗಿದ್ದರೆ, ಇಂಜಿನ್ನಿನ ಸ್ಪಾರ್ಕ್ ಪ್ಲಗ್ ವೈರ್ ಕಿತ್ತು, ಆ ಪಿನ್ ತೆಗೆದು ಆಗರನ್ನು ಕೈಯಲ್ಲಿ ತಿರುಗಿಸಿ. ಶಾಫ್ಟಿನ ಮೇಲೆ ಸಲೀಸಾಗಿ ತಿರುಗಬೇಕು. ಗ್ರೀಸ್ ಹಾಕದೆ ತುಕ್ಕು ಹಿಡಿದು ಎರಡೂ ಒಂದಾಗಿದ್ದರೆ ಪಿನ್ ಇದ್ದೂ ಇಲ್ಲದ ಹಾಗೆ. ಇದನ್ನು ಯಾರೂ ನೋಡಲ್ಲ. ನಾನು ನೋಡಿದ ಮೂರು ಮಷಿನ್‌ಗಳಲ್ಲಿ ಎರಡು ಹಾಗೇ ಕಚ್ಚಿಕೊಂಡಿದ್ದವು. ಆಮೇಲೆ ಗೇರ್ ಹಾಕಿ ಓಡಿಸಿ ನೋಡಿ. ಇಂತಹ ಬಹಳ ಮಷಿನ್‌ಗಳಲ್ಲಿ ಚಕ್ರ ತಿರುಗಿಸುವುದು ಅಂಚಿಗೆ ರಬ್ಬರ್ ಇರುವ ಒಂದು ಬಿಲ್ಲೆ. ರಬ್ಬರ್ ಸವೆದಿದ್ದರೆ ಗೋಡೆಗೆ ಮೂತಿ ಕೊಟ್ಟಾಗ ಚಕ್ರ ನಿಂತುಬಿಡುತ್ತದೆ. ಅದೊಂದೇ ದೋಷ ಅಂದರೆ ಚೌಕಾಸಿ ಮಾಡಿ ತಗೊಳ್ಳಿ, ಬದಲಾಯಿಸಬಹುದು. ಆಯಿಲ್ ಕಡ್ಡಿ ಎಳೆದು ಮೂಸಿ. ಪೆಟ್ರೋಲ್ ವಾಸನೆ ಬರಬಾರದು.

ಪೆಟ್ರೋಲ್ ಅಂದಾಗ ನೆನಪಾಯ್ತು. ಅಲ್ಲಿನ ಬಂಕ್ ಪೆಟ್ರೋಲಿನಲ್ಲಿ 10 ಪರ್ಸೆಂಟ್ ಎಥನಾಲ್. ನಮ್ಮಲ್ಲಿ ಈಗ 20. ಏಪ್ರಿಲಿನಲ್ಲಿ ನಿಲ್ಲಿಸಿದ ಮಷಿನ್ನಿನಲ್ಲಿ ಅದು ಹಾಗೇ ಉಳಿದರೆ ನವೆಂಬರ್ ಹೊತ್ತಿಗೆ ಕಾರ್ಬೊರೇಟರ್ ತೂತು ಅಂಟು ಹಿಡಿದು ಕಟ್ಟಿಕೊಂಡಿರುತ್ತದೆ. ಕೊನೆಯ ಹಿಮ ಕಳೆದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ. ಆಯಿಲ್ 5ಡಬ್ಲ್ಯು-30 ಹಾಕಿ, ಚಳಿಗೆ ಗಟ್ಟಿಯಾಗಲ್ಲ. ಗ್ಯಾರೇಜ್ ಬಾಗಿಲು ತೆಗೆದಿದ್ದರೂ ಒಳಗೆ ನಿಲ್ಲಿಸಿ ಓಡಿಸಬೇಡಿ. ಹೊಗೆ ಮನೆಯೊಳಗೂ ನುಗ್ಗುತ್ತದೆ, ಅದರ ವಿಷಕ್ಕೆ ವಾಸನೆ ಇಲ್ಲ.

ಕೈ ವಿಷಯ ಮಾತ್ರ ನಾನು ತಮಾಷೆ ಮಾಡಲ್ಲ. ಒದ್ದೆ ಹಿಮಕ್ಕೆ ಸೊಂಡಿಲು ಕಟ್ಟಿಕೊಳ್ಳುತ್ತದೆ. ಇಂಜಿನ್ ಆಫ್ ಮಾಡಿದರೂ ಬೆಲ್ಟಿನ ಬಿಗಿ ಇಂಪೆಲ್ಲರಿನಲ್ಲಿ ಉಳಿದಿರಬಹುದು. ಸಿಕ್ಕಿಕೊಂಡಿದ್ದನ್ನು ಬೆರಳಲ್ಲಿ ಕಿತ್ತ ತಕ್ಷಣ ಅದು ಒಂದು ಸುತ್ತು ಹೊಡೆಯುತ್ತದೆ. ಬೆರಳು ಹೋಗೋದು ಹೀಗೆ. ಮಷಿನ್ ಮೇಲೆ ಪ್ಲಾಸ್ಟಿಕ್ ಕೋಲು ಸಿಕ್ಕಿಸಿ ಕೊಟ್ಟಿರುತ್ತಾರೆ, ಅದನ್ನೇ ಬಳಸಿ. ಒಣಗಿರುವಾಗಲೇ ಸೊಂಡಿಲಿನ ಒಳಗೆ ಸಿಲಿಕೋನ್ ಸ್ಪ್ರೇ ಹೊಡೆದಿಟ್ಟರೆ ಕಟ್ಟಿಕೊಳ್ಳುವುದೂ ಕಡಿಮೆ.

ವಾಕಿಂಗಿಗೆ ಬರುವ ಮೇಷ್ಟ್ರು ಒಬ್ಬರ ಮಗಳು ಮಿಶಿಗನ್‌ನಲ್ಲಿದ್ದಾಳೆ. ಜಲ್ಲಿ ಡ್ರೈವ್‌ವೇ, ಸ್ವಲ್ಪ ಇಳಿಜಾರು ಬೇರೆ. 24 ಇಂಚಿನ ಟೂ ಸ್ಟೇಜ್ ತಗೋ, ಎರಡು ಶಿಯರ್ ಪಿನ್ ಜಾಸ್ತಿ ತಂದು ಹ್ಯಾಂಡಲಿಗೆ ಟೇಪ್ ಸುತ್ತಿ ಇಟ್ಟುಕೋ ಅಂದಿದ್ದೆ. ಒಂದು ಸಂಜೆ ಐದಕ್ಕೆ ಮೇಷ್ಟ್ರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ವಿಡಿಯೋ ಕಾಲ್ ಬಂತು. ಅಲ್ಲಿ ಬೆಳಗಿನ ಆರೂವರೆ, ಇನ್ನೂ ಕತ್ತಲು.

"ಅಂಕಲ್, ಒಂದು ಪಕ್ಕ ಆಗರ್ ತಿರುಗ್ತಾನೇ ಇಲ್ಲ."

"ಪಿನ್ ಕಟ್ಟಾಗಿದೆಯಮ್ಮ. ಮೊದಲು ಇಂಜಿನ್ ಆಫ್ ಮಾಡು. ಕೀ ಕಿತ್ತು ಜೇಬಿಗೆ ಹಾಕು. ಈಗ ಕೋಲು ತಗೊಂಡು ಒಳಗೇನು ಸಿಕ್ಕಿದೆ ನೋಡು."

ಸ್ವಲ್ಪ ಹೊತ್ತು ಫೋನಿನಲ್ಲಿ ಬರೀ ಗಾಳಿ ಸದ್ದು. ಆಮೇಲೆ ಒಂದು ಉಂಡೆ ಎತ್ತಿ ತೋರಿಸಿದಳು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎಸೆದು ಹೋಗಿದ್ದ ನ್ಯೂಸ್ ಪೇಪರು, ರಾತ್ರಿ ಹಿಮದಡಿ ಸೇರಿಕೊಂಡಿತ್ತು. ಟೇಪ್ ಬಿಚ್ಚಿ ಹೊಸ ಪಿನ್ ಹಾಕುವಷ್ಟರಲ್ಲಿ ಅವಳಿಗೆ ಹತ್ತು ನಿಮಿಷ ಹಿಡಿಯಿತು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಫೋನಿಗೆ ಮುಖ ತಂದರು.

"ಪುಟ್ಟಿ, ಅದು ಇವತ್ತಿನ ಪೇಪರ್ರೋ ನಿನ್ನೇದೋ?"