ಒಂದೇ ಕಾರಿಗೆ ಮೂರು ಬಗೆಯ ರಕ್ಷಣೆ: ನನ್ನ ಅನುಭವ

ಕಾರಿನ ಬಣ್ಣ ಕಾಯಲು ಬಾನೆಟ್, ರೂಫ್ ಮತ್ತು ಡಿಕ್ಕಿಗೆ ಸೀಲಂಟ್ (ಕೆಲವು ತಿಂಗಳು ಬಾಳುವ, ಮೇಣದಂತಹ ಕೃತಕ ಲೇಪ), ಎರಡೂ ಪಕ್ಕಗಳಿಗೆ ಸೆರಾಮಿಕ್ ಕೋಟಿಂಗ್ (ಹಚ್ಚಿದ ಮೇಲೆ ಗಟ್ಟಿಯಾಗಿ ಹೆಚ್ಚು ಕಾಲ ಬಾಳುವ ದ್ರವ ಲೇಪ), ಮುಂದಿನ ಬಂಪರಿಗೂ ಬಾನೆಟ್‌ನ ಮುಂದಿನ ಅಂಚಿಗೂ ಪಿಪಿಎಫ್ (ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಪ್ಲಾಸ್ಟಿಕ್ ಫಿಲ್ಮ್) ಎಂದು ನಾನು ತೀರ್ಮಾನಿಸಿದಾಗ, ಈ ಕೆಲಸ ಬಲ್ಲ ಗೆಳೆಯರು ಯಾರೂ ಒಪ್ಪಲಿಲ್ಲ. ಕೋಟಿಂಗ್ ಕೊಂಡ ಮೇಲೆ ಇಡೀ ಕಾರಿಗೆ ಹಚ್ಚದೆ ಬಿಡುವುದು ದಂಡ ಎಂಬುದು ಅವರ ವಾದವಾಗಿತ್ತು. ಈಗ ಸುಮಾರು ಎರಡೂವರೆ ವರ್ಷ ಕಳೆದಿದೆ. ಹಗಲಿಡೀ ಬಯಲಿನಲ್ಲಿ ನಿಲ್ಲುವ ನನ್ನ ಕಪ್ಪು ಕಾರಿನ ಬಾನೆಟ್ ಮೇಲೆ ಟಾರ್ಚ್ ಹಿಡಿದು ಹುಡುಕಿದರೂ ನೀರಿನ ಉಂಗುರಗಳು ಕಾಣುವುದಿಲ್ಲ.

ಅಲ್ಲಿಗೆ ಮುಟ್ಟುವ ಮೊದಲು ಕಳೆದುಕೊಂಡದ್ದು ಸಾಕಷ್ಟಿದೆ. ಮೊದಲ ಸಲ ಇಡೀ ಕಾರಿಗೆ ಸೆರಾಮಿಕ್ ಹಚ್ಚಿದಾಗ ಬಾನೆಟ್ ಇನ್ನೂ ಬೆಚ್ಚಗಿತ್ತು. ಒಂದು ಭಾಗಕ್ಕೆ ಹಚ್ಚಿ ಒರೆಸಲು ತಿರುಗುವಷ್ಟರಲ್ಲಿ ಅದು ಬಿಗಿದುಕೊಂಡು, ನೀರಿನ ಮೇಲೆ ಎಣ್ಣೆ ಚೆಲ್ಲಿದಾಗ ಕಾಣುವಂತಹ ಕಾಮನಬಿಲ್ಲಿನ ಗೆರೆಗಳು ಅಲ್ಲಲ್ಲಿ ಉಳಿದವು. ಮರುದಿನ ಅವನ್ನು ತೆಗೆಯಲು ಪಾಲಿಶ್ ಹಿಡಿಯಲೇಬೇಕಾಯಿತು. ಬಣ್ಣದ ಮೇಲಿನ ಪಾರದರ್ಶಕ ಪದರವಾದ, 40-50 ಮೈಕ್ರಾನ್ ಇರುವ ಕ್ಲಿಯರ್ ಕೋಟ್‌ನಲ್ಲಿ ಮೂರು ನಾಲ್ಕು ಮೈಕ್ರಾನ್ ಹೋಯಿತೆಂದು ನನ್ನ ಅಂದಾಜು. ಹಾಳಾದ ಆ ಬಾಟಲಿಯ ಹಣಕ್ಕೆ ನಾಲ್ಕೈದು ಡಬ್ಬಿ ಸೀಲಂಟ್ ಬರುತ್ತಿತ್ತು.

ಎರಡನೆಯ ಸಲ ಕೆಲಸ ಚೊಕ್ಕವಾಗಿಯೇ ಆಯಿತು, ಆದರೆ ತೊಂದರೆ ಬೇರೆ ಕಡೆಯಿಂದ ಬಂತು. ಕೋಟಿಂಗ್ ಮೇಲೆ ನೀರು ಕಟ್ಟುವ, ಎಲ್ಲರೂ ಮೆಚ್ಚುವ ಆ ದುಂಡು ಹನಿಗಳು ಸಮತಟ್ಟಾದ ಬಾನೆಟ್ ಮೇಲೆ ಜಾರಿಹೋಗದೆ ನಿಂತಲ್ಲೇ ನಿಂತು ಬಿಸಿಲಿಗೆ ಒಣಗಿದವು, ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬಿಳಿ ಉಂಗುರಗಳಾಗಿ ಅಂಟಿಕೊಂಡವು. ಹೊಸ ಕಲೆಗಳು ನೀರು ಬೆರೆಸಿದ ವಿನೆಗರ್‌ಗೆ ಬಿಟ್ಟುಕೊಟ್ಟರೂ, ಹಳೆಯವು ಕೋಟಿಂಗ್ ಸಮೇತ ಉಜ್ಜಿದಾಗಲೇ ಹೋದವು. ಬಾಗಿಲುಗಳ ಮೇಲೆ ಮಾತ್ರ ಒಂದು ಕಲೆಯೂ ಇರಲಿಲ್ಲ, ಏಕೆಂದರೆ ಅಲ್ಲಿ ಹನಿ ನಿಲ್ಲುವುದೇ ಇಲ್ಲ. ಭಾಗಕ್ಕೊಂದು ರಕ್ಷಣೆ ಎಂಬ ಯೋಚನೆ ಹುಟ್ಟಿದ್ದು ಇಲ್ಲಿಯೇ. ನಾನು ಬಳಸುವ ಸೀಲಂಟ್ ಮೇಲೆ ನೀರು ಹನಿಗಟ್ಟುವುದಕ್ಕಿಂತ ಹಾಳೆಯಂತೆ ಹರಿದಿಳಿಯುತ್ತದೆ. ಕಲೆ ಬಿದ್ದರೂ ಅದು ಆ ಪದರದ ಪಾಲು, ಮೂರು ತಿಂಗಳಿಗೊಮ್ಮೆ ಪದರವನ್ನು ಕಳಚಿ ಹೊಸದಾಗಿ ಹಚ್ಚುವುದು ಒಂದು ಬೆಳಗಿನ ಕೆಲಸ.

ಇದನ್ನು ಖಚಿತಪಡಿಸಿಕೊಳ್ಳಲು ಕಳಚಿ ಬಿಸಾಡಿದ್ದ ಒಂದು ಡಿಕ್ಕಿ ಬಾಗಿಲನ್ನು ಟೇಪಿನಿಂದ ನಾಲ್ಕು ಪಟ್ಟಿಗಳಾಗಿ ಭಾಗಿಸಿ, ಮೂರಕ್ಕೆ ಕಾರ್ನೋಬಾ ವ್ಯಾಕ್ಸ್ (ಒಂದು ಬಗೆಯ ತಾಳೆ ಎಲೆಯ ಮೇಣ), ಸೀಲಂಟ್, ಸೆರಾಮಿಕ್ ಹಚ್ಚಿ, ಒಂದನ್ನು ಬರಿದಾಗಿಯೇ ಬಿಟ್ಟು ಬಯಲಿನಲ್ಲಿ ಇಟ್ಟೆ. ಬಣ್ಣದ ಆಳ ಅತಿ ಚೆನ್ನಾಗಿ ಕಂಡದ್ದು ವ್ಯಾಕ್ಸ್‌ನಲ್ಲೇ, ಆದರೆ ಆರು ವಾರಕ್ಕೆ ಅದರ ಕಸುವು ಮುಗಿಯಿತು. ಸೀಲಂಟ್ ನಾಲ್ಕು ತಿಂಗಳು ತಾಳಿತು. ಸೆರಾಮಿಕ್ ವರ್ಷದ ಬಳಿಕವೂ ನೀರನ್ನು ದೂಡುತ್ತಿತ್ತು. ಹಕ್ಕಿಯ ಹಿಕ್ಕೆಯನ್ನು ಒಂದು ಹಗಲು ಹಾಗೆಯೇ ಬಿಟ್ಟಾಗ ನಾಲ್ಕೂ ಪಟ್ಟಿಗಳಲ್ಲಿ ಗುರುತು ಉಳಿಯಿತು, ಹಾಗಾಗಿ ಹಿಕ್ಕೆಯ ಭಯಕ್ಕೆಂದು ಯಾರೂ ಸೆರಾಮಿಕ್‌ಗೆ ಹಣ ಸುರಿಯಬಾರದು. ಸೆರಾಮಿಕ್ ಮೇಲೆ ವ್ಯಾಕ್ಸ್ ಹಚ್ಚಿಯೂ ನೋಡಿದೆ, ಧೂಳು ಮೊದಲಿಗಿಂತ ಹೆಚ್ಚಾಗಿ ಹಿಡಿಯಿತು.

ಸೆರಾಮಿಕ್ ಕೋಟಿಂಗ್‌ಗಳ ಜಾಹೀರಾತಿನಲ್ಲಿ ಕಾಣುವ 9ಎಚ್ ಎಂಬುದು ಪೆನ್ಸಿಲಿನ ಗಡಸುತನದ ಅಳತೆ. ಒಂದೆರಡು ಮೈಕ್ರಾನ್ ದಪ್ಪದ ಕೋಟಿಂಗ್ ಕಲ್ಲಿನ ಏಟನ್ನು ತಡೆಯಲಾರದು, ಅದಕ್ಕೆ 150-200 ಮೈಕ್ರಾನ್ ದಪ್ಪದ ಫಿಲ್ಮೇ ಬೇಕು. ನನ್ನ ಒಟ್ಟು ಖರ್ಚಿನ ಮೂರರಲ್ಲಿ ಎರಡು ಪಾಲು ಅಲ್ಲಿಗೇ ಹೋಯಿತು, ಮತ್ತು ಅದಕ್ಕಾಗಿ ನನಗೆ ಬೇಸರವಿಲ್ಲ. ಕೋಟಿಂಗ್ ಮೇಲೆ ಫಿಲ್ಮಿನ ಅಂಟು ಸರಿಯಾಗಿ ಕೂರುವುದಿಲ್ಲವಾದ್ದರಿಂದ ಫಿಲ್ಮನ್ನು ಮೊದಲು ಹಾಕಿಸಿದೆ.

ಕ್ಲೇ (ಬಣ್ಣಕ್ಕೆ ಅಂಟಿದ ಕೊಳೆಯನ್ನು ಜೇಡಿಯಂತಹ ಉಂಡೆಯಿಂದ ತೆಗೆಯುವುದು), ಪಾಲಿಶ್ ಮತ್ತು ಜಿಡ್ಡು ತೆಗೆಯುವುದಕ್ಕೆ ಎರಡು ಪೂರ್ತಿ ದಿನ ಹಿಡಿದರೆ, ಪಕ್ಕಗಳಿಗೆ ಸೆರಾಮಿಕ್ ಹಚ್ಚಲು ಎರಡು ಗಂಟೆ ಸಾಕಾಯಿತು. ಕೊನೆಯ ಬಾರಿ ಒರೆಸುವ ಬಟ್ಟೆಯನ್ನು ನಾನು ಸಿದ್ಧಪಡಿಸುವ ಬಗೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ಬಹಳ ಹಣ ತೆತ್ತು ಕಲಿತದ್ದು. ಅಂದು ಒಪ್ಪದಿದ್ದ ಗೆಳೆಯರಲ್ಲಿ ಇಬ್ಬರು ಈಗ ತಮ್ಮ ಬಾನೆಟ್‌ನ ಕೋಟಿಂಗ್ ತೆಗೆಸಿ ಸೀಲಂಟ್‌ಗೆ ಬಂದಿದ್ದಾರೆ. ಹಿಂದಿನ ಚಕ್ರಗಳ ಮುಂದಿರುವ ಭಾಗಕ್ಕೆ ಫಿಲ್ಮ್ ಹಾಕಿಸದೆ ಬಿಟ್ಟದ್ದೊಂದೇ ನನ್ನ ಲೆಕ್ಕದಲ್ಲಿ ಉಳಿದ ಕೊರತೆ, ಅಲ್ಲಿ ಈಗಾಗಲೇ ಐದಾರು ಕಡೆ ಬಣ್ಣ ಚಕ್ಕೆ ಎದ್ದಿದೆ.